ಆಯ್ದಕ್ಕಿ ಲಕ್ಕಮ್ಮನವರ ಮನೆಯ ಪ್ರಸಾದ



ಒಂದು ಮನೆಯ ಸಂಸ್ಕಾರವನ್ನು ಅರಿಯಬೇಕಾದರೆ ಆ ಮನೆಯವರು ಉಣ್ಣುವ ಹೊತ್ತಿನಲ್ಲಿ ಅಲ್ಲಿರಬೇಕು. ಯಾರು ಮೊದಲು ಕುಳಿತುಕೊಳ್ಳುತ್ತಾರೆ, ಯಾರು ಕೊನೆಗೆ ಉಣ್ಣುತ್ತಾರೆ, ಅತಿಥಿ ಬಂದಾಗ ಮನೆಯವರ ಮುಖ ಹೇಗಾಗುತ್ತದೆ, ಉಣ್ಣುವಾಗ ಯಾವ ಮಾತು ನಡೆಯುತ್ತದೆ ಎಂಬುದನ್ನು ಕಂಡರೆ ಆ ಮನೆಯ ಬಗ್ಗೆ ಬೇರೆ ಯಾರನ್ನೂ ಕೇಳಬೇಕಾಗಿಲ್ಲ. ಈ ದೃಷ್ಟಿಯಿಂದ ನಾವು ಇಂದು ಹನ್ನೆರಡನೆಯ ಶತಮಾನದ ಒಂದು ಬಡ ಮನೆಯನ್ನು ಸ್ಮರಿಸಲು ಬಯಸುತ್ತೇವೆ. ಅದು ಆಯ್ದಕ್ಕಿ ಮಾರಯ್ಯ ಮತ್ತು ಆಯ್ದಕ್ಕಿ ಲಕ್ಕಮ್ಮ ಎಂಬ ಶರಣ ದಂಪತಿಗಳ ಮನೆ. ಆ ಮನೆಯಲ್ಲಿ ಸಂಗ್ರಹವೆಂಬುದಿರಲಿಲ್ಲ. ಅಂದಿನ ಅಕ್ಕಿ ಅಂದಿಗೆ ಬರುತ್ತಿತ್ತು, ಅಂದಿಗೇ ತೀರುತ್ತಿತ್ತು. ಆದರೂ ಎಂಟು ನೂರು ವರ್ಷಗಳಿಗೂ ಮೀರಿ ಆ ಮನೆಯ ಒಲೆಯ ಮುಂದೆ ನಡೆದ ಮಾತುಕತೆಯನ್ನು ನಮ್ಮ ಸಮಾಜವು ಮರೆಯದೆ ಉಳಿಸಿಕೊಂಡು ಬಂದಿದೆ.

ಅಮರೇಶ್ವರದಿಂದ ಕಲ್ಯಾಣಕ್ಕೆ

ಲಕ್ಕಮ್ಮನವರು ಮತ್ತು ಮಾರಯ್ಯನವರು ಅಮರೇಶ್ವರದವರು. ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನಲ್ಲಿ ಗುರುಗುಂಟಾ ಗ್ರಾಮದ ಸಮೀಪದಲ್ಲಿರುವ ಈ ಕ್ಷೇತ್ರದ ಹೆಸರು ದಂಪತಿಗಳಿಬ್ಬರ ವಚನಗಳ ಅಂಕಿತದಲ್ಲಿಯೂ ನೆಲೆಗೊಂಡಿದೆ. ಮಾರಯ್ಯನವರ ಅಂಕಿತ ಅಮರೇಶ್ವರಲಿಂಗ ಎಂಬುದು; ಲಕ್ಕಮ್ಮನವರ ಅಂಕಿತ ಮಾರಯ್ಯಪ್ರಿಯ ಅಮರೇಶ್ವರಲಿಂಗ ಎಂಬುದು. ಪತಿಯ ಹೆಸರನ್ನು ತಮ್ಮ ಇಷ್ಟದೈವದ ಹೆಸರಿನೊಂದಿಗೆ ಸೇರಿಸಿಕೊಂಡ ಈ ತಾಯಿ, ಪತಿ ತಪ್ಪು ಹೆಜ್ಜೆ ಇಟ್ಟಾಗ ತಿದ್ದಲು ಒಂದು ಕ್ಷಣವೂ ಹಿಂಜರಿಯಲಿಲ್ಲ ಎಂಬುದನ್ನು ನಾವು ಮುಂದೆ ಕಾಣುತ್ತೇವೆ.

ಬಸವಣ್ಣನವರ ಕೀರ್ತಿಯನ್ನು ಕೇಳಿ ನಾಡಿನ ಮೂಲೆಮೂಲೆಗಳಿಂದ ಕಲ್ಯಾಣಕ್ಕೆ ಶರಣರು ಬರುತ್ತಿದ್ದ ಕಾಲವದು. ಬಟ್ಟೆ ತೊಳೆಯುವ ಮಡಿವಾಳ ಮಾಚಯ್ಯನವರು, ದೋಣಿ ನಡೆಸುವ ಅಂಬಿಗರ ಚೌಡಯ್ಯನವರು, ಹಗ್ಗ ಹೊಸೆಯುವ ನುಲಿಯ ಚಂದಯ್ಯನವರು, ಕಟ್ಟಿಗೆ ಮಾರುವ ಮೋಳಿಗೆಯ ಮಾರಯ್ಯನವರು ಎಲ್ಲರೂ ತಮ್ಮ ತಮ್ಮ ಕಾಯಕದಿಂದಲೇ ಬಾಳಿ, ಅದರಲ್ಲಿಯೇ ಗುರು ಲಿಂಗ ಜಂಗಮಕ್ಕೆ ಸಲ್ಲಿಸುತ್ತಿದ್ದರು. ಅಮರೇಶ್ವರದ ಈ ದಂಪತಿಗಳೂ ಆ ಸಮೂಹದಲ್ಲಿ ಸೇರಿಕೊಂಡರು. ಅವರು ಕೈಗೊಂಡ ಕಾಯಕ ಎಲ್ಲಕ್ಕಿಂತ ಕಿರಿದಾಗಿ ತೋರುವಂಥದು. ಶರಣರ ಮನೆಗಳ ಅಂಗಳದಲ್ಲಿ, ಮುಖ್ಯವಾಗಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ, ಅಳೆಯುವಾಗ ಸುರಿಯುವಾಗ ನೆಲಕ್ಕೆ ಬಿದ್ದ ಅಕ್ಕಿಯ ಕಾಳುಗಳನ್ನು ಮಾರಯ್ಯನವರು ಒಂದೊಂದಾಗಿ ಆಯ್ದು ತರುತ್ತಿದ್ದರು. ಅದನ್ನು ಲಕ್ಕಮ್ಮನವರು ಹಸನು ಮಾಡಿ ಅಡುಗೆ ಮಾಡುತ್ತಿದ್ದರು. ಜಂಗಮರಿಗೆ ನೀಡಿ, ಉಳಿದುದನ್ನು ಇಬ್ಬರೂ ಪ್ರಸಾದವಾಗಿ ಸ್ವೀಕರಿಸುತ್ತಿದ್ದರು. ಆದುದರಿಂದಲೇ ಇವರ ಹೆಸರಿನ ಮುಂದೆ ಆಯ್ದಕ್ಕಿ ಎಂಬುದು ಬಿರುದಿನಂತೆ ನಿಂತಿತು.

ಇಲ್ಲಿ ಒಂದು ಮಾತನ್ನು ನಾವು ಗಮನಿಸಬೇಕು. ಇದು ಭಿಕ್ಷೆಯಲ್ಲ. ಭಿಕ್ಷೆಯಲ್ಲಿ ಕೈ ಒಡ್ಡುವುದಿದೆ. ಆಯುವುದರಲ್ಲಿ ಬೆನ್ನು ಬಗ್ಗಿಸುವುದಿದೆ, ಬೆವರಿದೆ. ನಮ್ಮ ಈ ಭಾಗ ಮೊದಲಿನಿಂದಲೂ ಜೋಳದ ಸೀಮೆ. ಇಲ್ಲಿ ಅಕ್ಕಿ ಎಂದರೆ ಬೆಲೆಯುಳ್ಳ ಧಾನ್ಯ. ಅಂಥ ಅಕ್ಕಿ ಕಾಲ್ತುಳಿತಕ್ಕೆ ಸಿಕ್ಕಿ ಮಣ್ಣಾಗುವುದನ್ನು ತಡೆದು, ಅದನ್ನೇ ಜಂಗಮರ ತಳಿಗೆಗೆ ಮುಟ್ಟಿಸಿದ ಕಾಯಕವಿದು. ಅನ್ನವನ್ನು ಚೆಲ್ಲಬಾರದು ಎಂಬ ಪಾಠವನ್ನು ಈ ದಂಪತಿಗಳು ಬೋಧಿಸಲಿಲ್ಲ. ಚೆಲ್ಲಿದ್ದನ್ನು ಆಯ್ದು ಬದುಕಿ ತೋರಿಸಿದರು.

ಒಂದೇ ಊರು, ಎರಡು ಪಂಕ್ತಿ

ಅಂದಿನ ಕಲ್ಯಾಣ ಸಾಮಾನ್ಯ ಊರಲ್ಲ. ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣವಾಗಿರುವ ಆ ಪಟ್ಟಣ ಚಾಲುಕ್ಯರ ರಾಜಧಾನಿಯಾಗಿತ್ತು. ಆ ಬಳಿಕ ಕಲಚುರಿ ಬಿಜ್ಜಳನ ಕೈಗೆ ಬಂದಿತು. ಬಸವಣ್ಣನವರ ಕಾಲಕ್ಕೆ ಸ್ವಲ್ಪ ಮೊದಲು, 1126ರಿಂದ 1138ರವರೆಗೆ ಆಳಿದ ಮೂರನೆಯ ಸೋಮೇಶ್ವರ ಅರಸನು ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಅದರಲ್ಲಿ ಅನ್ನಭೋಗವೆಂಬ ಒಂದು ಭಾಗವೇ ಇದೆ. ಬಗೆಬಗೆಯ ಅನ್ನ, ಮಂಡಿಗೆ, ವಡೆ, ಇಂದಿನ ಇಡ್ಲಿ ದೋಸೆಗಳ ಹಿಂದಿನ ರೂಪಗಳು, ಮಾಂಸದ ಅಡುಗೆಗಳು, ಪಾನಕಗಳು ಎಂದು ಅರಸನ ಊಟದ ವೈಭವವನ್ನು ಅಲ್ಲಿ ಸವಿಸ್ತಾರವಾಗಿ ವರ್ಣಿಸಲಾಗಿದೆ. ಭೋಗವೆಂಬ ಹೆಸರೇ ಸೂಚಿಸುವಂತೆ ಅಲ್ಲಿ ಊಟವೆಂಬುದು ಅರಸನು ಅನುಭವಿಸುವ ಒಂದು ಸುಖ.

ಅದೇ ಊರಿನಲ್ಲಿ, ಒಂದು ತಲೆಮಾರು ಕಳೆಯುವುದರೊಳಗೆ, ಇನ್ನೊಂದು ಬಗೆಯ ಊಟದ ಸಾಲು ಏರ್ಪಟ್ಟಿತು. ಅದು ಮಹಾಮನೆಯ ದಾಸೋಹ. ಅಲ್ಲಿ ಯಾರ ಕುಲವನ್ನೂ ಯಾರೂ ಕೇಳುವಂತಿರಲಿಲ್ಲ. ಇಷ್ಟಲಿಂಗ ಧರಿಸಿದವರೆಲ್ಲರೂ ಒಂದೇ ಪಂಕ್ತಿ. ಬಸವಣ್ಣನವರ ಮಹಾಮನೆಯಲ್ಲಿ ನಿತ್ಯವೂ 1,96,000 ಜಂಗಮರಿಗೆ ದಾಸೋಹ ನಡೆಯುತ್ತಿತ್ತೆಂದು ನಮ್ಮ ಪುರಾಣ ಪರಂಪರೆ ಹೇಳುತ್ತದೆ. ಸಂಖ್ಯೆ ಇಲ್ಲಿ ಮುಖ್ಯವಲ್ಲ. ಬಾಗಿಲು ಯಾರಿಗೂ ಮುಚ್ಚಿರಲಿಲ್ಲ ಎಂಬುದು ಮುಖ್ಯ.

ಕೂಡಿ ಉಣ್ಣುವುದು ಅಂದು ಸಣ್ಣ ಸಂಗತಿಯಾಗಿರಲಿಲ್ಲ. ಯಾರ ಕೈಯ ನೀರನ್ನು ಯಾರು ಕುಡಿಯಬೇಕು, ಯಾರ ಪಕ್ಕದಲ್ಲಿ ಯಾರು ಕುಳಿತು ಉಣ್ಣಬೇಕು ಎಂಬುದನ್ನು ಹುಟ್ಟೇ ನಿರ್ಣಯಿಸುತ್ತಿದ್ದ ಸಮಾಜವದು. ಅಸ್ಪೃಶ್ಯರೆಂದು ಊರ ಹೊರಗಿಡಲಾಗಿದ್ದ ಕುಲದಲ್ಲಿ ಹುಟ್ಟಿದ ಶಿವನಾಗಮಯ್ಯನವರೊಡನೆ ಬಸವಣ್ಣನವರು ಬೆರೆತರೆಂಬ ಕಾರಣಕ್ಕೆ ಬಿಜ್ಜಳನ ಸಭೆಯವರೆಗೂ ದೂರು ಹೋಯಿತೆಂದು ಪುರಾಣಗಳು ತಿಳಿಸುತ್ತವೆ. ಅನ್ನವನ್ನು ಲಿಂಗಕ್ಕೆ ಅರ್ಪಿಸಿದ ಬಳಿಕ ಅದು ಪ್ರಸಾದ. ಪ್ರಸಾದಕ್ಕೆ ಮೈಲಿಗೆಯಿಲ್ಲ ಎಂಬ ಶರಣರ ನಿಲುವು ಊಟದ ಸಾಲಿನಲ್ಲಿದ್ದ ಗೋಡೆಗಳನ್ನು ಒಡೆಯಿತು. ಇಂಥ ಸಾಲಿನಲ್ಲಿ ಕುಳಿತುಕೊಳ್ಳುವವರಿಗೆ ಅಡುಗೆ ಮಾಡಿ ಬಡಿಸಿದವರಲ್ಲಿ ಲಕ್ಕಮ್ಮನವರೂ ಒಬ್ಬರು. ಮಹಾಮನೆಯಲ್ಲಿ ಭಂಡಾರದ ಬಲವಿತ್ತು, ನೂರಾರು ಕೈಗಳ ನೆರವಿತ್ತು. ಲಕ್ಕಮ್ಮನವರ ಮನೆಯಲ್ಲಿ ಇದ್ದುದು ಆಯ್ದ ಅಕ್ಕಿ ಮತ್ತು ಎರಡು ಜೊತೆ ಕೈಗಳು ಮಾತ್ರ.

ಅಕ್ಕಿ ಹೆಚ್ಚಾದ ದಿನ

ಲಕ್ಕಮ್ಮನವರ ಜೀವನದಲ್ಲಿ ಎಲ್ಲರಿಗೂ ತಿಳಿದಿರುವ ಪ್ರಸಂಗ ಇದು. ಒಂದು ದಿನ ಮಹಾಮನೆಯ ಅಂಗಳದಲ್ಲಿ ಎಂದಿಗಿಂತ ಹೆಚ್ಚು ಅಕ್ಕಿ ಚೆಲ್ಲಿತ್ತು. ಶರಣರ ನಿಷ್ಠೆಯನ್ನು ಲೋಕಕ್ಕೆ ತೋರಿಸಲೆಂದು ಬಸವಣ್ಣನವರೇ ಹಾಗೆ ಚೆಲ್ಲಿಸಿದರೆಂದು ಹೇಳುವವರುಂಟು. ಮಾರಯ್ಯನವರು ಎಂದಿನಂತೆ ಹೋದರು, ಆಯ್ದರು, ಉಡಿಯಲ್ಲಿ ಕಟ್ಟಿಕೊಂಡು ಮನೆಗೆ ಬಂದರು. ಲಕ್ಕಮ್ಮನವರು ಅಕ್ಕಿಯನ್ನು ಕೈಗೆ ತೆಗೆದುಕೊಂಡ ಕೂಡಲೇ ಅವರಿಗೆ ತಿಳಿಯಿತು. ದಿನವೂ ಅದೇ ಅಕ್ಕಿಯನ್ನು ಹಸನು ಮಾಡುವ ಕೈಗೆ ತೂಕದ ವ್ಯತ್ಯಾಸ ತಿಳಿಯದಿರುವುದುಂಟೆ?

ಅಕ್ಕಿ ಹೆಚ್ಚಾಗಿದೆಯೆಂದು ಅವರು ಹಿಗ್ಗಲಿಲ್ಲ. ನಾಳೆಗೆ ಆಯಿತೆಂದು ಎತ್ತಿಡಲಿಲ್ಲ. ಒಂದು ಮನಸ್ಸಿನಿಂದ ಹೋದವರು ಎರಡು ಮನಸ್ಸು ಮಾಡಿಕೊಂಡು ಬಂದಿರೇ ಎಂಬ ಅರ್ಥದಲ್ಲಿ ಪತಿಯನ್ನು ಪ್ರಶ್ನಿಸಿದರು. ಆಸೆ ಅರಸರಿಗೆ ಒಪ್ಪಬಹುದು, ಶಿವಭಕ್ತರಿಗೆ ಅದು ಸಲ್ಲದು ಎಂದು ತಿಳಿಹೇಳಿದರು. ಅಂದಿನ ಅಗತ್ಯಕ್ಕೆ ಮೀರಿದ ಅಕ್ಕಿಯನ್ನು ತಂದ ಜಾಗದಲ್ಲಿಯೇ ಸುರಿದು ಬರುವಂತೆ ಕೇಳಿಕೊಂಡರು. ಮಾರಯ್ಯನವರು ಮರುಮಾತಾಡಲಿಲ್ಲ, ಹಿಂದಿರುಗಿ ಹೋಗಿ ಹೆಚ್ಚಿನ ಅಕ್ಕಿಯನ್ನು ಅಂಗಳಕ್ಕೆ ಒಪ್ಪಿಸಿ ಬಂದರು.

ಈ ಪ್ರಸಂಗವನ್ನು ನಾವು ಪ್ರವಚನಗಳಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಕೇಳಿ ಕೇಳಿ ಅದರ ಹರಿತ ನಮಗೆ ಮೊಂಡಾಗಿರಲೂಬಹುದು. ಸ್ವಲ್ಪ ನಿಧಾನವಾಗಿ ವಿಚಾರಿಸೋಣ. ಆ ಅಕ್ಕಿ ಕದ್ದದ್ದಲ್ಲ. ಯಾರಿಂದಲೂ ಕಿತ್ತುಕೊಂಡದ್ದಲ್ಲ. ನೆಲಕ್ಕೆ ಬಿದ್ದದ್ದು, ಆಯದಿದ್ದರೆ ಮಣ್ಣುಪಾಲಾಗುತ್ತಿದ್ದುದು. ಲೋಕದ ಯಾವ ನ್ಯಾಯಸ್ಥಾನದಲ್ಲಿಯೂ ಅದು ಅಪರಾಧವಾಗಲಾರದು. ಜೊತೆಗೆ ಅದು ಹೋಗುವುದೂ ಜಂಗಮ ದಾಸೋಹಕ್ಕೆ. ಹೀಗಿರುವಾಗ ಲಕ್ಕಮ್ಮನವರು ಅದನ್ನು ಏಕೆ ಒಪ್ಪಲಿಲ್ಲ?

ಅವರ ಉತ್ತರದ ತಿರುಳು ಇಷ್ಟು: ದಾಸೋಹಕ್ಕೆ ಸಲ್ಲುವುದು ಕಾಯಕದಿಂದ ಬಂದುದು ಮಾತ್ರ. ಅಗತ್ಯಕ್ಕಿಂತ ಹೆಚ್ಚಿನದಕ್ಕೆ ಕೈ ಚಾಚಿದ ಕ್ಷಣದಲ್ಲಿಯೇ ಕಾಯಕವು ಸಂಗ್ರಹವಾಗಿ ಬದಲಾಗುತ್ತದೆ. ಸಂಗ್ರಹ ಬೆಳೆದಂತೆ ನಾಳಿನ ಚಿಂತೆ ಬೆಳೆಯುತ್ತದೆ, ನಾಳಿನ ಚಿಂತೆ ಬೆಳೆದಂತೆ ಇಂದು ಬಾಗಿಲಿಗೆ ಬಂದವರು ಭಾರವಾಗುತ್ತಾರೆ. ಆ ಹೆಚ್ಚಿನ ಅಕ್ಕಿ ಇನ್ನಾರಿಗೋ ಸೇರಬೇಕಾದುದೂ ಆಗಿರಬಹುದು. ಆದುದರಿಂದ ಅಡುಗೆಯ ಮಡಕೆಗೆ ಏನು ಬೀಳಬೇಕು ಎಂಬುದನ್ನು ಒಲೆಯ ಮುಂದೆಯೇ ಆ ತಾಯಿ ಪರೀಕ್ಷಿಸಿದರು. ರುಚಿ ಶುಚಿಗಳನ್ನು ನೋಡುವ ತಾಯಂದಿರು ನಮ್ಮಲ್ಲಿ ಬಹಳ. ಈ ಅನ್ನ ಯಾವ ದಾರಿಯಿಂದ ಬಂದಿತು ಎಂದು ಕೇಳುವ ಧೈರ್ಯ ಅಪರೂಪವಾದುದು.

ಬಡತನದ ವಿಷಯದಲ್ಲಿಯೂ ಲಕ್ಕಮ್ಮನವರ ನಿಲುವು ಸ್ಪಷ್ಟವಾಗಿತ್ತು. ಮನಸ್ಸು ಶುದ್ಧವಿಲ್ಲದವರಿಗೆ ಮಾತ್ರ ಹಣದ ಬಡತನವೆಂಬುದು ಕಾಡುತ್ತದೆ. ಶುದ್ಧ ಚಿತ್ತದಿಂದ ಕಾಯಕ ಮಾಡುವವರಿಗೆ ಸಿರಿ ತಾನಾಗಿಯೇ ಒದಗುತ್ತದೆ ಎಂಬ ಭಾವವನ್ನು ಅವರ ವಚನಗಳಲ್ಲಿ ಕಾಣುತ್ತೇವೆ. ಹಸಿದವರಿಗೆ ಹಸಿವನ್ನೇ ಹೊಗಳುವ ಮಾತಲ್ಲ ಇದು. ಅವರು ದಿನವೂ ಉಂಡರು, ದಿನವೂ ಇತರರಿಗೆ ಉಣಬಡಿಸಿದರು. ಸಾಕು ಎಂಬ ಮಾತಿನ ಅರ್ಥವನ್ನು ಅವರು ಬಲ್ಲವರಾಗಿದ್ದರು.

ಕಾಯಕ ಮರೆತ ದಿನ

ಎರಡನೆಯ ಪ್ರಸಂಗ ಮಾತಿಗೆ ಸಂಬಂಧಿಸಿದುದು. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಮೊದಲು ಸಂಕಲಿಸಿದ, ಬಳಿಕ ಗೂಳೂರು ಸಿದ್ಧವೀರಣ್ಣನವರೇ ಮೊದಲಾದವರ ಕೈಯಲ್ಲಿ ಬೆಳೆದ ಶೂನ್ಯಸಂಪಾದನೆಯ ಪರಂಪರೆಯಲ್ಲಿ ಈ ದಂಪತಿಗಳ ಸಂವಾದಕ್ಕೆ ಪ್ರತ್ಯೇಕ ಸ್ಥಾನವಿದೆ. ಅಲ್ಲಮಪ್ರಭುಗಳು, ಬಸವಣ್ಣನವರು, ಚೆನ್ನಬಸವಣ್ಣನವರು ಮೊದಲಾದ ಮಹಾಶರಣರ ನಡುವೆ ಅಕ್ಕಿ ಆಯುವ ಈ ದಂಪತಿಗಳಿಗೂ ಆಸನ ದೊರೆತಿತೆಂಬುದೇ ಕಲ್ಯಾಣದ ಹಿರಿಮೆ.

ಮಾರಯ್ಯನವರಿಗೆ ಅನುಭವ ಗೋಷ್ಠಿಯಲ್ಲಿ ಬಹಳ ಆಸಕ್ತಿ. ಒಂದು ದಿನ ಅವರು ಅಲ್ಲಮಪ್ರಭುಗಳ ಮಾತಿನಲ್ಲಿ ತನ್ಮಯರಾಗಿ ಹೊತ್ತು ಹೋದುದನ್ನೇ ಅರಿಯಲಿಲ್ಲ. ಗುರುದರ್ಶನ ಎದುರಿಗಿದ್ದರೂ, ಲಿಂಗಪೂಜೆಯ ಹೊತ್ತಾದರೂ ಕಾಯಕವನ್ನು ಬಿಡಬಾರದೆಂದು ಸಾರಿದ, ಕಾಯಕವನ್ನೇ ಕೈಲಾಸವೆಂದು ಕರೆದ ಶರಣರು ಇದೇ ಮಾರಯ್ಯನವರು. ಅಂಥವರೇ ಮಾತಿನ ಸೊಗಸಿನಲ್ಲಿ ಕಾಯಕವನ್ನು ಮರೆತರು. ಆಗ ಎಚ್ಚರಿಸಿದವರು ಲಕ್ಕಮ್ಮನವರು. ಕಾಯಕ ನಿಂತುಹೋಗಿದೆ, ಬೇಗ ಹೋಗಿ ಅಕ್ಕಿ ತನ್ನಿರೆಂದು ನೆನಪಿಸಿದರು.

ಇದನ್ನು ನಾವು ಮನೆಯಲ್ಲಿ ಅಕ್ಕಿ ತೀರಿದ ಗೃಹಿಣಿಯ ಅವಸರವೆಂದು ತಿಳಿಯಬಾರದು. ಗೋಷ್ಠಿಯಲ್ಲಿ ಎಂಥ ಉನ್ನತ ಮಾತು ನಡೆದರೂ ಅದು ಬಂದು ಮುಟ್ಟಬೇಕಾದುದು ಹಸಿದವರ ತಳಿಗೆಯನ್ನು. ಮಾತಿನಿಂದ ಅಡುಗೆಯ ಒಲೆ ಆರಿಹೋದರೆ ಆ ಮಾತಿನಿಂದ ಯಾರಿಗೆ ಏನು ಪ್ರಯೋಜನ? ಹಾಗೆಂದು ಅವರು ಮಾತನ್ನು ತುಚ್ಛವೆಂದು ಕಂಡವರಲ್ಲ. ಶರಣರ ಗೋಷ್ಠಿಯಲ್ಲಿ ಅವರೂ ಪಾಲ್ಗೊಂಡರು. ಅವರ 25 ವಚನಗಳು ಇಂದಿಗೂ ನಮಗೆ ಲಭ್ಯವಿವೆ. ಕಾಯಕ, ಪ್ರಸಾದ, ಅನುಭಾವದ ಮಾತು ಇವು ಒಂದನ್ನೊಂದು ಬಿಟ್ಟು ನಡೆಯಲಾರವು ಎಂಬುದು ಅವರ ಬಾಳಿನ ಕ್ರಮವಾಗಿತ್ತು.

ಮುಂದೆ ಮಾರಯ್ಯನವರ ಮನಸ್ಸಿನಲ್ಲಿ ಕೈಲಾಸವನ್ನು ಪಡೆಯುವ ಹಂಬಲ ಮೂಡಿದಾಗಲೂ ಲಕ್ಕಮ್ಮನವರೇ ದಾರಿ ತೋರಿದರು. ದಾಸೋಹದ ಸೇವೆ ಕೈಯಲ್ಲಿರುವಾಗ ಬೇರೊಂದು ಪದವಿಯನ್ನು ಅರಸುವುದೇಕೆ, ಕೈಲಾಸವೆಂಬುದೂ ಒಂದು ಆಸೆಯೇ ಅಲ್ಲವೇ ಎಂಬುದು ಅವರ ತರ್ಕ. ಅಕ್ಕಿಯ ಆಸೆಯನ್ನು ಬಿಡಿಸಿದವರು ಕೈಲಾಸದ ಆಸೆಯನ್ನೂ ಬಿಡಿಸಿದರು. ಪತಿಯು ಸತಿಯ ಮಾತನ್ನು ಗುರುವಚನದಂತೆ ಸ್ವೀಕರಿಸಿದರು. ದಂಪತಿಗಳೆಂಬ ಹೆಸರು ದೇಹದ ಕೂಟಕ್ಕೆ ಸೇರಿದುದು, ಅರಿವಿಗೆ ಹೆಣ್ಣು ಗಂಡೆಂಬ ಬೇರೆ ಬೇರೆ ದೇಹಗಳಿಲ್ಲ ಎಂಬ ತತ್ತ್ವವನ್ನು ಲಕ್ಕಮ್ಮನವರು ಹೇಳಿದರು. ಅವರ ಮನೆಯಲ್ಲಿ ಅದು ದಿನನಿತ್ಯ ನಡೆಯಿತು.

ಮಹಾಮನೆಯವರಿಗೆ ಬಿನ್ನಹ

ಮೂರನೆಯ ಪ್ರಸಂಗ ಬಿನ್ನಹದ್ದು. ಬಸವಣ್ಣನವರನ್ನೂ ಸಕಲ ಜಂಗಮರನ್ನೂ ಪ್ರಸಾದಕ್ಕೆ ಬಿನ್ನವಿಸಿಕೊಂಡು ಬರುವಂತೆ ಲಕ್ಕಮ್ಮನವರು ಪತಿಯನ್ನು ಕಳುಹಿದರೆಂದು ಪರಂಪರೆ ಹೇಳುತ್ತದೆ. ದಿನವೂ ಲಕ್ಷ ಜಂಗಮರಿಗೆ ಉಣಬಡಿಸುವ ಮಹಾಮನೆಯವರನ್ನು ಆಯ್ದ ಅಕ್ಕಿಯ ಮನೆ ಊಟಕ್ಕೆ ಕರೆದದ್ದನ್ನು ಕಂಡು ಹಲವರಿಗೆ ಬೆರಗಾಗಿರಬೇಕು. ಬಸವಣ್ಣನವರು ಬಂದರು, ಶರಣರೆಲ್ಲರೂ ಬಂದರು. ಲಕ್ಕಮ್ಮನವರು ಆ ಅಕ್ಕಿಯಿಂದಲೇ ಅಡುಗೆ ಮಾಡಿದರು. ಬಂದ ಜಂಗಮರೆಲ್ಲರೂ ತೃಪ್ತರಾದರು. ತಮ್ಮ ದಾಸೋಹಕ್ಕಿಂತ ಈ ದಾಸೋಹ ಹಿರಿದೆಂದು ಬಸವಣ್ಣನವರು ತಲೆಬಾಗಿದರು.

ಇದನ್ನು ಪವಾಡವೆಂದು ನಂಬುವವರು ನಂಬಲಿ. ಪವಾಡದಲ್ಲಿ ವಿಶ್ವಾಸವಿಲ್ಲದವರಿಗೂ ಇದರಲ್ಲಿ ಗ್ರಹಿಸಬೇಕಾದ ತಥ್ಯವಿದೆ. ಒಂದು ಹಿಡಿ ಅನ್ನವಿದ್ದ ಮನೆ ತನ್ನಲ್ಲಿ ಕೊಡಲು ಏನೂ ಇಲ್ಲವೆಂದು ಬಾಗಿಲು ಹಾಕಿಕೊಳ್ಳಲಿಲ್ಲ. ಉಳ್ಳವರೇ ಕರೆಯಬೇಕು, ಇಲ್ಲದವರು ಕರೆಸಿಕೊಳ್ಳಬೇಕು ಎಂಬ ಲೋಕದ ರೂಢಿಯನ್ನು ಆ ಬಿನ್ನಹ ಮುರಿಯಿತು. ರಾಜ್ಯದ ಭಂಡಾರಿಯಾಗಿದ್ದವರು ಅಕ್ಕಿ ಆಯುವವರ ಮನೆಯ ನೆಲದ ಮೇಲೆ ಕುಳಿತು ಉಂಡರು. ದಾನ ಮತ್ತು ದಾಸೋಹಗಳ ನಡುವಿನ ಭೇದ ಇಲ್ಲಿ ಸ್ಪಷ್ಟವಾಗುತ್ತದೆ. ದಾನದಲ್ಲಿ ಕೊಡುವವನ ಕೈ ಮೇಲೆ, ಕೊಳ್ಳುವವನ ಕೈ ಕೆಳಗೆ. ದಾಸೋಹದಲ್ಲಿ ನೀಡುವವನೇ ದಾಸ. ಉಣ್ಣುವವನೂ ನೀಡುವವನೂ ಒಂದೇ ಪ್ರಸಾದದ ಪಾಲುಗಾರರು.

ನಮ್ಮ ಮನೆಗಳಲ್ಲಿ

ಈ ಚರಿತ್ರೆಯನ್ನು ನಾವು ಏಕೆ ನೆನೆಯಬೇಕು? ಶರಣರ ಜಯಂತಿಗಳಲ್ಲಿ ಭಾವಚಿತ್ರಕ್ಕೆ ಹಾರ ಹಾಕುವುದಕ್ಕೆ ಮಾತ್ರವಾದರೆ ಲಕ್ಕಮ್ಮನವರಿಗೆ ಅದು ಬೇಕಾಗಿಲ್ಲ. ನಮ್ಮ ಊಟದ ಹೊತ್ತನ್ನು ನಾವೇ ಪರೀಕ್ಷಿಸಿಕೊಳ್ಳುವುದಕ್ಕೆ ಈ ಚರಿತ್ರೆ ಬೇಕು.

ನಮ್ಮ ಹಿರಿಯರ ಮನೆಗಳಲ್ಲಿ ಉಣ್ಣುವ ಮುನ್ನ ವಿಭೂತಿ ಧರಿಸಿ, ಇಷ್ಟಲಿಂಗಕ್ಕೆ ಅರ್ಪಿಸಿ, ಬೇಕಾದಷ್ಟನ್ನೇ ಬಡಿಸಿಕೊಳ್ಳುವ ಪದ್ಧತಿಯಿತ್ತು. ತಾಟಿನಲ್ಲಿ ಒಂದು ಅಗುಳನ್ನೂ ಬಿಡದೆ, ತಾಟು ತೊಳೆದ ನೀರನ್ನೂ ಕುಡಿಯುವ ಹಿರಿಯರನ್ನು ನಮ್ಮಲ್ಲಿ ಅನೇಕರು ಕಣ್ಣಾರೆ ಕಂಡಿದ್ದಾರೆ. ಅಡುಗೆಗೆ ಅಕ್ಕಿ ಜೋಳ ತೆಗೆಯುವಾಗ ಮೊದಲು ಒಂದು ಮುಷ್ಟಿ ಧಾನ್ಯವನ್ನು ಮಠಕ್ಕೆಂದು ಬೇರೆ ಗಡಿಗೆಯಲ್ಲಿ ಹಾಕುತ್ತಿದ್ದ ತಾಯಂದಿರಿದ್ದರು. ಆ ಮುಷ್ಟಿ ಧಾನ್ಯದಿಂದ ನಾಡಿನ ಎಷ್ಟೋ ಪ್ರಸಾದ ನಿಲಯಗಳು ನಡೆದವು. ಹಳ್ಳಿಯ ಬಡ ಮಕ್ಕಳು ಅಲ್ಲಿ ಒಂದೇ ಸಾಲಿನಲ್ಲಿ ಕುಳಿತು ಉಂಡು ಓದಿ ಮುಂದೆ ಬಂದರು. ಲಕ್ಕಮ್ಮನವರ ಮಡಕೆಯ ಪರಂಪರೆ ಹೀಗೆ ಹರಿದು ಬಂದಿದೆ.

ಆದರೆ ನಮ್ಮ ದೋಷಗಳನ್ನೂ ನಾವು ಮರೆಮಾಡಬಾರದು. ಇಂದಿಗೂ ಎಷ್ಟೋ ಮನೆಗಳಲ್ಲಿ ಅಡುಗೆ ಮಾಡಿದ ತಾಯಿ ಎಲ್ಲರಿಗೂ ಬಡಿಸಿ, ಎಲ್ಲರೂ ಎದ್ದ ಮೇಲೆ, ಆರಿದ ಅನ್ನವನ್ನು ಅಡುಗೆಮನೆಯ ಮೂಲೆಯಲ್ಲಿ ಒಬ್ಬಳೇ ಕುಳಿತು ಉಣ್ಣುತ್ತಾಳೆ. ಸಾರು ಉಳಿದಿದೆಯೇ ಎಂದು ಅವಳನ್ನು ಕೇಳುವವರಿಲ್ಲ. ಬೆಳಿಗ್ಗೆ ಲಕ್ಕಮ್ಮನವರ ವಚನ ಪಠಿಸಿ, ಮಧ್ಯಾಹ್ನ ಮನೆಯ ಲಕ್ಕಮ್ಮನನ್ನು ಪಂಕ್ತಿಯಿಂದ ಹೊರಗಿಡುವುದು ಯಾವ ಧರ್ಮ? ಪಂಕ್ತಿಭೇದವನ್ನು ಊರಿನಲ್ಲಿ ವಿರೋಧಿಸಿದ ಶರಣರ ಮಕ್ಕಳು ನಾವು. ನಮ್ಮ ಮನೆಯೊಳಗಿನ ಪಂಕ್ತಿಭೇದವನ್ನು ಮೊದಲು ನಿಲ್ಲಿಸಬೇಕಾಗಿದೆ.

ಇನ್ನೊಂದು ದೋಷ ಹೊಸದು. ಮನೆಯವರು ಒಂದೇ ಹೊತ್ತಿಗೆ ಕುಳಿತರೂ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಮೊಬೈಲು. ಮಗನ ಮುಖದಲ್ಲಿ ಪರೀಕ್ಷೆಯ ಭಯವಿದೆ, ತಂದೆ ನೋಡುವುದಿಲ್ಲ. ಸೊಸೆಯ ಕಣ್ಣಿನಲ್ಲಿ ನೀರಿದೆ, ಅತ್ತೆ ಕಾಣುವುದಿಲ್ಲ. ತಾಟಿನ ಅನ್ನ ಮುಗಿದದ್ದು ಉಂಡವರಿಗೇ ತಿಳಿಯುವುದಿಲ್ಲ. ಅಂಗಳದಲ್ಲಿ ಬಿದ್ದ ಒಂದೊಂದು ಕಾಳನ್ನು ಗುರುತಿಸಿದ ಕಣ್ಣುಗಳ ವಂಶದವರು ಎದುರಿಗೆ ಕುಳಿತ ಮಗುವಿನ ಮುಖವನ್ನು ಗುರುತಿಸದೆ ಉಂಡು ಏಳುತ್ತಿದ್ದೇವೆ.

ಮಾತೆಂದರೆ ಹೊಗಳಿಕೆಯ ಮಾತು ಮಾತ್ರವಲ್ಲ ಎಂಬುದನ್ನೂ ಈ ದಂಪತಿಗಳಿಂದ ಕಲಿಯಬೇಕು. ಲಕ್ಕಮ್ಮನವರ ಮಾತು ಹರಿತವಾಗಿತ್ತು, ಆದರೆ ಅದರಲ್ಲಿ ಅವಮಾನವಿರಲಿಲ್ಲ. ಮಾರಯ್ಯನವರು ತಪ್ಪನ್ನು ಒಪ್ಪಿಕೊಂಡರು, ಆದರೆ ಸಣ್ಣವರಾಗಲಿಲ್ಲ. ನಮ್ಮ ಮನೆಗಳಲ್ಲಿ ಹೆಂಡತಿಯು ಗಂಡನನ್ನು, ಈ ಹಣ ಎಲ್ಲಿಂದ ಬಂದಿತು ಎಂದು ಕೇಳಿದರೆ ಏನಾಗುತ್ತದೆ? ಮಗಳು ತಂದೆಯನ್ನು ಕೇಳಿದರೆ? ಕೇಳಿದ ಮಾತ್ರಕ್ಕೆ ತಾಟನ್ನು ಸರಿಸಿ ಎದ್ದುಹೋಗುವ ಯಜಮಾನರು ಮಾರಯ್ಯನವರನ್ನು ಒಮ್ಮೆ ನೆನೆಯಲಿ. ಅವರು ಅಕ್ಕಿಯ ಗಂಟನ್ನು ಮತ್ತೆ ಹೊತ್ತು, ಬಂದ ದಾರಿಯಲ್ಲಿಯೇ ಹಿಂದಿರುಗಿ ನಡೆದರು. ಅದರಿಂದ ಅವರ ಮಾನಕ್ಕೆ ಕುಂದು ಬರಲಿಲ್ಲ. ಶೂನ್ಯಸಂಪಾದನೆಯಲ್ಲಿ ಸ್ಥಾನ ಬಂದಿತು.

ಆದುದರಿಂದ ಭಕ್ತರಲ್ಲಿ ನಮ್ಮ ಬಿನ್ನಹ ಇಷ್ಟು. ದಿನಕ್ಕೆ ಒಂದು ಹೊತ್ತಾದರೂ ಮನೆಯವರೆಲ್ಲರೂ, ಅಡುಗೆ ಮಾಡಿದವರನ್ನೂ ಸೇರಿಸಿಕೊಂಡು, ಕೂಡಿ ಕುಳಿತು ಪ್ರಸಾದ ಸ್ವೀಕರಿಸಿರಿ. ಬಡಿಸುವ ಕೆಲಸವನ್ನು ಗಂಡಸರೂ ಮಕ್ಕಳೂ ಹಂಚಿಕೊಳ್ಳಲಿ. ಮೊಬೈಲುಗಳನ್ನು ಆ ಹೊತ್ತಿಗೆ ಬೇರೆ ಕೋಣೆಯಲ್ಲಿಡಿರಿ. ಮನೆಗೆಲಸಕ್ಕೆ ಬರುವವರನ್ನೂ ಹೊಲದಲ್ಲಿ ದುಡಿಯುವವರನ್ನೂ ಆಗಾಗ ನಿಮ್ಮ ಸಾಲಿನಲ್ಲಿಯೇ ಕೂಡಿಸಿಕೊಳ್ಳಿರಿ. ಬೇರೆ ತಾಟು, ಬೇರೆ ಲೋಟ ಎಂಬುದು ಲಿಂಗವಂತರ ಮನೆಗೆ ಶೋಭಿಸುವುದಿಲ್ಲ. ಉಣ್ಣುವಾಗ ಮಕ್ಕಳಿಗೆ ಈ ಅನ್ನ ಯಾರ ದುಡಿಮೆಯಿಂದ ಬಂದಿತು ಎಂಬುದನ್ನು ತಿಳಿಸಿರಿ. ಮಕ್ಕಳು ತಿರುಗಿ ಪ್ರಶ್ನೆ ಕೇಳಿದರೆ ಗದರಿಸಬೇಡಿರಿ. ನಿಮ್ಮ ಮನೆಯಲ್ಲಿಯೂ ಒಬ್ಬ ಲಕ್ಕಮ್ಮ ಮಾತನಾಡುತ್ತಿದ್ದಾಳೆಂದು ತಿಳಿದು ಕಿವಿಗೊಡಿರಿ.

ಇದಕ್ಕೆ ದೊಡ್ಡ ಮನೆ ಬೇಕಿಲ್ಲ, ಹೆಚ್ಚಿನ ಅಡುಗೆ ಬೇಕಿಲ್ಲ. ಅಂದಿಗೆ ಸಾಕಾಗುವಷ್ಟು ಅಕ್ಕಿ, ಸತ್ಯಶುದ್ಧ ಕಾಯಕ, ಒಬ್ಬರ ಮಾತನ್ನು ಇನ್ನೊಬ್ಬರು ಕೇಳುವ ವ್ಯವಧಾನ ಇದ್ದರೆ ಸಾಕು. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆ ದಂಪತಿಗಳ ಮನೆಯಲ್ಲಿ ಇದ್ದುದೂ ಇಷ್ಟೇ.

ಶರಣೆ ಆಯ್ದಕ್ಕಿ ಲಕ್ಕಮ್ಮನವರಿಗೆ, ಶರಣ ಆಯ್ದಕ್ಕಿ ಮಾರಯ್ಯನವರಿಗೆ ಭಕ್ತಿಪೂರ್ವಕ ನಮನಗಳು.